ಮುಚ್ಚಿದ ಬಾಯಿ

ಫೋನ್ ಇಟ್ಟ ಮೇಲೆ ಡಾಕ್ಟರ್ ವಿಷ್ಣುವನ್ನು ಕೊರೆಯತೊಡಗಿದ್ದು ಒಂದೇ ಮಾತು: ಆ ಕಡೆಯ ಮನುಷ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ. 'ನಿಮ್ಮ ತಂಗಿ ಮುನಿರತ್ನಮ್ಮನಿಗೆ ಸೀರಿಯಸ್ಸಾಗಿದೆ, ಹೊರಟು ಬನ್ನಿ' ಎಂದಿದ್ದಕ್ಕೆ ಮುತ್ತರಾಯಪ್ಪ ಎಂಬ ಆ ಕಾಣದ ಮನುಷ್ಯ ಸ್ವಲ್ಪ ಹೊತ್ತು ಬರೀ ಉಸಿರಾಡಿದ್ದು ಕೇಳಿಸಿತು. ಆಮೇಲೆ 'ಆಯ್ತು ಸಾಮಿ, ಹೊಂಟೆ' ಎಂದು ಇಟ್ಟುಬಿಟ್ಟ. ಏನು ಕಾಯಿಲೆ, ಮಾತಾಡ್ತಾಳಾ, ಊಟ ಸೇರುತ್ತಾ, ಏನೂ ಇಲ್ಲ. ಇಷ್ಟು ವರ್ಷ ತಂಗಿಯ ಮನೆಯ ದಿಕ್ಕಿಗೆ ತಲೆ ಹಾಕದವನು ಇಷ್ಟು ಸಲೀಸಾಗಿ ಒಪ್ಪಿಬಿಟ್ಟನಲ್ಲ ಎಂದು ಮೊದಲು ಗೆದ್ದ ಹಾಗೆನಿಸಿತು. ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ, ತಾನು ಫೋನಿನಲ್ಲಿ ಹೇಳಿದ ಮಾತನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿ ನೋಡಿದ. ಧ್ವನಿ ಇಳಿದಿತ್ತು, ಅವಸರವಿರಲಿಲ್ಲ, ಮಾತಿನ ಕೊನೆಗೆ ಬೇಕಾದಷ್ಟು ಮೌನವೂ ಇತ್ತು. ಕೋರ್ಸಿನಲ್ಲಿ ಹೇಳಿಕೊಟ್ಟಿದ್ದು ಹಾಗೆಯೇ. ಆದರೂ ಇನ್ನರ್ಧ ಮುಖಕ್ಕೆ ಸೋಪು ಹಚ್ಚುವುದು ಮರೆತುಹೋಯಿತು.

"ಐವತ್ತು ದಾಟಿದ ಮೇಲೆ ಪರೀಕ್ಷೆ ಅಂತ ಬೆಳಗಾಗೆದ್ದು ಒದ್ದಾಡೋ ಗ್ರಹಚಾರ ಯಾಕೋ ನಿನಗೆ?" ಎಂದಳು ತಾಯಿ ತುಳಸಮ್ಮ, ಕಾಫಿ ಲೋಟ ಮುಂದಿಡುತ್ತಾ. "ಜನಕ್ಕೆ ಪ್ರಜ್ಞೆ ತಪ್ಪಿಸೋ ಕೆಲಸ ಚೆನ್ನಾಗೇ ಇತ್ತಲ್ಲ. ಯಾರೂ ಎದ್ದು ಎದುರು ಮಾತಾಡ್ತಿರಲಿಲ್ಲ." ತಮಾಷೆಗೆ ಹೇಳಿದ್ದೇ ಆದರೂ ಅದು ನಿಜವಾಗಿತ್ತು. ಹೊಸೂರಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯನಾಗಿ ಅವನು ಅರ್ಧ ಊರನ್ನು ಮಲಗಿಸಿದ್ದ, ಎಬ್ಬಿಸಿದ್ದ. ಮಾತು ಅಂದರೆ 'ಭಯ ಪಡಬೇಡಿ, ದೊಡ್ಡದಾಗಿ ಉಸಿರೆಳೆದುಕೊಳ್ಳಿ' ಎಂಬಷ್ಟೇ. ಆಮೇಲೆ ಗದ್ದ ಎತ್ತಿ, ಬಾಯಿ ತೆರೆದು, ಕೊಳವೆ ಇಳಿಸಿದರೆ ಮುಗಿಯಿತು. ಬೀದಿಯಲ್ಲಿ ಯಾರಾದರೂ ನಮಸ್ಕಾರ ಸಾರ್ ಅಂದರೆ ಮುಖದ ಗುರುತು ಹತ್ತುತ್ತಿರಲಿಲ್ಲ. ವಾಸಿಯಾಗದ ಕಾಯಿಲೆಯವರಿಗೆ ನೋವು ಕಡಿಮೆ ಮಾಡಿ ಕೊನೆಯವರೆಗೆ ನೋಡಿಕೊಳ್ಳುವ ವಾರ್ಡು ತೆರೆಯುತ್ತೇವೆ, ಅದಕ್ಕೆ ಉಪಶಾಮಕ ಚಿಕಿತ್ಸೆಯ ಸ್ನಾತಕೋತ್ತರ ಕೋರ್ಸು ಮಾಡಿದವರೊಬ್ಬರು ಬೇಕು ಎಂದು ಆಸ್ಪತ್ರೆಯವರು ಹೇಳಿದಾಗ, ಸರ್ಜನ್ನುಗಳೆಲ್ಲ ಸೂರು ನೋಡಿದರು. 'ವಿಷ್ಣು ಸಾರ್‌ಗೆ ಹೇಗೂ ನೋವಿನ ಔಷಧಿ ಗೊತ್ತು' ಎಂದು ಯಾರೋ ಅಂದರು. ಹಾಗೆ ತಲೆಗೆ ಕಟ್ಟಿದ ಕೋರ್ಸು ಅದು. ಅದು ತನ್ನನ್ನು ಈ ಪರಿ ಹಿಡಿದುಕೊಳ್ಳುತ್ತದೆಂದು, ತಾನು ಮೊದಲನೇ ರ‍್ಯಾಂಕಿಗೆ ಆಸೆಪಡುವ ಹುಡುಗನ ಹಾಗಾಗುತ್ತೇನೆಂದು ಅವನು ಎಣಿಸಿರಲಿಲ್ಲ. ನಾಚಿಕೆಯಾಗುತ್ತಿತ್ತು. ಆಸೆಯಂತೂ ಹೋಗಿರಲಿಲ್ಲ.

ರಾಯಕೋಟೆ ರಸ್ತೆಗೆ ಕಾರು ತಿರುಗಿಸಿದಾಗ ಪಕ್ಕದಲ್ಲಿ ಲಕ್ಷ್ಮೀಪ್ರಿಯಾ ಸೀಟ್ ಬೆಲ್ಟ್ ಎಳೆದುಕೊಂಡಳು. ಅವಳು ಕೋರ್ಸಿನಲ್ಲಿ ಪಾಠ ಹೇಳುವವಳು, ಪರೀಕ್ಷಕಿಯೂ ಅವಳೇ, ಕೃಷ್ಣಗಿರಿಯವಳು, ಅವನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಇವತ್ತು ಅವನು ರೋಗಿಯ ಮನೆಗೆ ಹೋಗಿ ಮಾತಾಡುವುದನ್ನು ಮೂಲೆಯಲ್ಲಿ ಕೂತು ನೋಡಿ ಅಂಕ ಹಾಕುವವಳು. ಒಳ್ಳೆಯ ಹೆಂಗಸು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಅವಳೆದುರು ಆದ ಅವಮಾನವನ್ನು ಮರೆಯಬಹುದಿತ್ತು. ಕೃಷ್ಣಗಿರಿಯಲ್ಲಿ ನಡೆದ ತರಗತಿಯಲ್ಲಿ, ಮಗಳ ವಯಸ್ಸಿನ ನರ್ಸುಗಳ ನಡುವೆ, ಅವನಿಗೆ ವೈದ್ಯನ ಪಾತ್ರ ಕೊಟ್ಟಿದ್ದರು. ಎದುರಿಗೆ ವನಿತಾ, ಅವನದೇ ಆಸ್ಪತ್ರೆಯ ನರ್ಸು, ರೋಗಿಯ ಪಾತ್ರದಲ್ಲಿ. ಅವಳು 'ನಂಗೆ ವಾಸಿಯಾಗುತ್ತಾ ಡಾಕ್ಟರೇ?' ಎಂದು ಕೇಳಿದ್ದಕ್ಕೆ ಅವನು ಔಷಧಿಯ ಪ್ರಮಾಣ ಹೇಳತೊಡಗಿದ. ನರ್ಸುಗಳು ಬಾಯಿಗೆ ಸೆರಗು ಅಡ್ಡ ಹಿಡಿದರು. "ಸಾರ್, ತಪ್ಪು ತಿಳೀಬೇಡಿ," ಎಂದಿದ್ದಳು ಲಕ್ಷ್ಮೀಪ್ರಿಯಾ, "ನೀವು ಪೇಷಂಟ್ ಮುಖ ನೋಡೋದೇ ಇಲ್ಲ. ಕತ್ತು ನೋಡ್ತೀರಿ, ಗದ್ದ ನೋಡ್ತೀರಿ. ಇವರ ಬಾಯಿ ಎಷ್ಟು ತೆರೀಬಹುದು ಅಂತ ಲೆಕ್ಕ ಹಾಕ್ತಾ ಇರ್ತೀರಿ." ಇಡೀ ತರಗತಿ ನಕ್ಕಿತು, ಅವನೂ ನಕ್ಕ, ರಾತ್ರಿ ಊಟ ಸೇರಲಿಲ್ಲ. ಅಂದಿನಿಂದ ಅವನು ಮುಖ ನೋಡುವುದನ್ನು ಕಲಿತ. ತಲೆಯಾಡಿಸುವುದನ್ನು ಕಲಿತ. ಎಷ್ಟು ಹೊತ್ತು ಸುಮ್ಮನಿದ್ದರೆ ಎದುರಿನವರು ತಾವಾಗಿ ಬಾಯಿ ಬಿಡುತ್ತಾರೆ ಎಂಬುದನ್ನು ಕಲಿತ. ಅಂತೂ ಇನ್ನೊಂದು ಬಗೆಯಲ್ಲಿ ಬಾಯಿ ತೆರೆಸುವುದನ್ನೇ ಕಲಿತಿದ್ದೇನೆ ಎಂದು ಈಗ, ಸ್ಟಿಯರಿಂಗ್ ಹಿಡಿದ ತನ್ನ ಕೈ ನೋಡುತ್ತಾ, ಅನ್ನಿಸಿತು.

ಮುನಿರತ್ನಮ್ಮ ಹಾಗೆಯೇ ಬಾಯಿ ಬಿಟ್ಟಿದ್ದಳು. ಸಾನಮಾವಿನ ಕಾಡಿನಾಚೆಯ ಹಳ್ಳಿ, ತಗಡಿನ ಮಾಡಿನ ಮನೆ, ಜಗುಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಅರವತ್ತರ ಹೆಂಗಸು. ಹೊಟ್ಟೆಯ ಕ್ಯಾನ್ಸರು ಯಕೃತ್ತಿಗೆ ಹರಡಿ ಕಣ್ಣು ಅರಿಶಿನದ ಹಾಗೆ ಹಳದಿ. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟ. ಆ ಸೊಟ್ಟ ಕೈಯಲ್ಲೇ ರೋಜಾ ತೋಟದಲ್ಲಿ ಹೂ ಕತ್ತರಿಸಿ ಮಗಳು ಮುನಿಲಕ್ಷ್ಮಿಯನ್ನು ಸಾಕಿ, ಓದಿಸಿ, ಕಾರ್ಖಾನೆಯ ಕೆಲಸಕ್ಕೆ ಸೇರಿಸಿದವಳು. 'ಯಾರನ್ನಾದರೂ ನೋಡಬೇಕು ಅಂತ ಅನ್ಸುತ್ತಾ ಅಮ್ಮ?' ಎಂದು ಅವನು ಕೇಳಿದ್ದ, ಕೋರ್ಸಿನಲ್ಲಿ ಹೇಳಿಕೊಟ್ಟ ಪ್ರಶ್ನೆ. ಸುಮ್ಮನಿದ್ದ. ಆಮೇಲೆ, "ನೋಡ್ಬೇಕು ಅಂತ ಯಾರೂ ಇಲ್ಲ ಸಾಮಿ. ನೋಡಬಾರ್ದು ಅಂತ ಒಬ್ಬವ್ನೆ," ಎಂದಿದ್ದಳು. "ನಮ್ಮಣ್ಣ. ನನ್ ಗಂಡ ಕೈ ಮುರ್ದಾಗ ಕೂಸ್ನ ಎತ್ಕೊಂಡು ಬಾಗಲೂರು ತಾವ ತವರಿಗೆ ಓದೆ. ಬಾಗ್ಲಿಗೆ ಅಡ್ಡ ನಿಂತ್ಕಂಡ. ಒಳೀಕ್ ಬಿಡ್ಲಿಲ್ಲ. ಮುರ್ದ ಕೈಯಾಗೆ ಸೈಕಲ್ ಕ್ಯಾರಿಯರ್ ಮ್ಯಾಲೆ ಕುಂಡ್ರಿಸ್ಕೊಂಡೋಗಿ ಗಂಡನ್ ಕೈಗೇ ತಿರ್ಗ ಒಪ್ಪಿಸ್ಬುಟ್ಟ. ಒಡ್ದೋನು ಕುಡ್ದಿದ್ದ ಸಾಮಿ. ನಮ್ಮಣ್ಣ ಕುಡ್ದಿರ್ಲಿಲ್ಲ." ಅವನು ತಲೆಯಾಡಿಸಿದ್ದ. ಅವಳು ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದುವರಿಸಿದ್ದಳು. "ಸಾಯಾಕೆ ನಂಗೇನ್ ಭಯ ಇಲ್ಲ. ಕೊನೇಗೆ ಗ್ಯಾನ ತಪ್ಪಿ ಬಿದ್ದಿರ್ತೀನಲ್ಲ, ಆವಾಗ ಅವ್ನು ಬಂದು ಬಾಯಿಗೆ ಆಲು ಬಿಟ್ಟು, ತವರಿನ್ ಸೀರೆ ಅಂತ ಒದ್ಸಿ, ನಾಕ್ ಜನದ್ ಮುಂದೆ ಅತ್ತು, ಒಳ್ಳೇವ್ನಾಗಿ ಓಗ್ಬುಡ್ತಾನೆ. ಆಗ ನಂಗೆ ಬಾಯಿ ಮುಚ್ಕೊಳಾಕೂ ಆಗಲ್ಲ, ಬ್ಯಾಡ ಅನ್ನಾಕೂ ಆಗಲ್ಲ. ಅದೊಂದೇ ಭಯ." ಅದಕ್ಕೂ ಅವನು ತಲೆಯಾಡಿಸಿದ್ದ. ಆ ತಲೆಯಾಟವನ್ನು ಅವಳು ಮಾತು ಕೊಟ್ಟ ಹಾಗೆ ತೆಗೆದುಕೊಂಡಳೇನೋ, ಹಗುರಾಗಿ ಉಸಿರುಬಿಟ್ಟು, ಮಗಳಿಗೆ ಕೂಗಿ ಡಾಕ್ಟರಿಗೆ ಟೀ ಕೊಡಲು ಹೇಳಿದಳು.

ಅದನ್ನೇ ತರಗತಿಯಲ್ಲಿ ಹೇಳಿದಾಗ ನಗುವವರು ಯಾರೂ ಇರಲಿಲ್ಲ. ವನಿತಾ ಕಣ್ಣೊರೆಸಿಕೊಂಡಳು. ಮುಗಿಯದ ಸಂಬಂಧಗಳು, ಕ್ಷಮೆ, ನೆಮ್ಮದಿಯ ಸಾವು ಎಂದೆಲ್ಲ ಚರ್ಚೆಯಾಯಿತು. ಅಣ್ಣ ತಂಗಿ ಒಂದಾದರೆ ಎಷ್ಟು ಚೆಂದ ಎಂದು ಲಕ್ಷ್ಮೀಪ್ರಿಯಾ ಅಂದಳು, ಅಂದದ್ದು ಅಷ್ಟೇ. ಕರೆಸಿ ಎಂದು ಅವಳು ಹೇಳಿರಲಿಲ್ಲ. ಅವನೇ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ದೃಶ್ಯವನ್ನು ಕಟ್ಟಿದ: ಜಗುಲಿ, ಬಿಸಿಲು, ಮುದಿ ಅಣ್ಣ ಬಗ್ಗಿ ತಂಗಿಯ ಕೈ ಹಿಡಿಯುವುದು, ಮೂಲೆಯಲ್ಲಿ ಪರೀಕ್ಷಕಿ ಕಣ್ಣೊರೆಸಿಕೊಳ್ಳುವುದು. ಅದರಲ್ಲಿ ಮುನಿರತ್ನಮ್ಮ ಏನೂ ಮಾತಾಡುತ್ತಿರಲಿಲ್ಲ. ಥಿಯೇಟರಿನಲ್ಲಿ ಒಪ್ಪಿಗೆಯ ಸಹಿ ಇಲ್ಲದೆ ಯಾರ ಮೈಯನ್ನೂ ಮುಟ್ಟದವನು ಅವಳನ್ನು ಒಂದು ಮಾತು ಕೇಳಲಿಲ್ಲ. ಮುನಿಲಕ್ಷ್ಮಿಗೆ ಫೋನ್ ಮಾಡಿ ಮಾವನ ನಂಬರು ಕೇಳಿದಾಗ ಅವಳು ತಡವರಿಸಿ ಕೊಟ್ಟಳು. "ಬಂದ್ರೆ ಒಳ್ಳೇದೇ ಸಾರ್, ತವರಿನ ಸೀರೆ ಇಲ್ದೆ ಹೆಣ ಎತ್ತಂಗಿಲ್ಲ ಅಂತ ಊರೋರು ಈಗ್ಲೇ ಮಾತಾಡ್ತಾವ್ರೆ," ಎಂದಳು. ಅವಳಿಗೆ ಭಯ, ಅವನಿಗೆ ಆಸೆ. ಇಬ್ಬರೂ ಸೇರಿ ಒಬ್ಬಳ ಬೆನ್ನ ಹಿಂದೆ ಆ ನಂಬರನ್ನು ಕೈ ಬದಲಾಯಿಸಿಕೊಂಡಿದ್ದರು.

"ಅಣ್ಣ ಬರ್ತಾರೆ ಅಂದ್ರಲ್ಲ ಸಾರ್," ಎಂದಳು ಲಕ್ಷ್ಮೀಪ್ರಿಯಾ, ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿ. "ಪೇಷಂಟ್ ಒಪ್ಪಿದ್ದಾರೆ ತಾನೇ? ನೀವು ಕೇಳಿದ್ರಾ?"

"ಕೇಳಿದೆ," ಎಂದ ವಿಷ್ಣು. "ಒಪ್ಪಿದ್ದಾರೆ."

"ರೊಂಬ ಸಂತೋಷಂ ಸಾರ್," ಎಂದು ಅವಳು ತಮಿಳಿನಲ್ಲಿ ಖುಷಿಪಟ್ಟು ನಕ್ಕಳು. ಎಷ್ಟು ಸುಲಭವಾಗಿ ಬಂತು ಸುಳ್ಳು, ಗಂಟಲಲ್ಲಿ ಒಂದು ಕಡೆಯೂ ತಗಲಲಿಲ್ಲ. ಚಿಕ್ಕವನಿದ್ದಾಗ ಲೆಕ್ಕದ ಮೇಷ್ಟ್ರು 'ಮನೇಲಿ ಮಾಡಿದೆಯೇನೋ' ಎಂದರೆ ಹೀಗೇ ಹೂಂ ಅನ್ನುತ್ತಿದ್ದ. ಅಲ್ಲೇ ಬೋರ್ಡಿಗೆ ಕರೆದು ಮಾಡಿಸುತ್ತಾರೆಂಬ ಭಯವೂ ಹೀಗೇ ಕಾಲಿನಿಂದ ಮೇಲೇರುತ್ತಿತ್ತು.

ಸಾನಮಾವಿನ ಕಾಡಿನ ಅಂಚಿನಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು. ಆನೆಗಳು ರಸ್ತೆ ದಾಟುತ್ತಿವೆ, ಇನ್ನೂ ಕೆಲವು ಈಚೆ ಉಳಿದಿವೆ ಎಂದು ಅರಣ್ಯದ ಕಾವಲಿನವನು ಕೈಯಡ್ಡ ಮಾಡಿ ತಮಿಳಿನಲ್ಲಿ ಕೂಗುತ್ತಿದ್ದ. ಶಿಫ್ಟಿಗೆ ಹೊರಟ ಹುಡುಗರು ಬೈಕು ಆರಿಸಿ ವಾಚು ನೋಡಿಕೊಳ್ಳುತ್ತಿದ್ದರು. ವಿಷ್ಣು ಕಾಲಾಡಿಸುವ ನೆಪದಲ್ಲಿ ಇಳಿದ. ಆನೆಗಳು ಇಲ್ಲೇ ಬೀಡುಬಿಟ್ಟು ಇವತ್ತೊಂದು ದಿನ ಯಾರನ್ನೂ ಬಿಡದಿದ್ದರೆ ಎಷ್ಟು ಚೆನ್ನ ಅಂದುಕೊಂಡು ಹಿಂದಕ್ಕೆ ನಡೆದಾಗ, ಸಾಲಿನ ಕೊನೆಯಲ್ಲಿ ನಿಂತ ಆಟೋದಲ್ಲಿ ಒಬ್ಬ ಮುದುಕ ಕಂಡ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ದೊಡ್ಡ ರೋಜಾ ಹಾರ. ಪಕ್ಕದಲ್ಲಿ ಜವಳಿ ಅಂಗಡಿಯ ಕವರು, ಅದರೊಳಗೆ ಹೊಸ ಸೀರೆಯ ಅಂಚು. ಯಾರದೋ ಸಾವಿಗೆ ಹೊರಟಿದ್ದಾನೆ, ತವರಿನ ಸೀರೆ, ಪಾಪ, ಎಂದುಕೊಂಡ. ಮುಂದಿನ ಹೆಜ್ಜೆ ಇಡಲಾಗಲಿಲ್ಲ. ಓದುವ ಕಾಲದ ಒಂದು ದಿನ ಕಣ್ಣೆದುರು ಬಂತು. ಮದ್ರಾಸಿನ ಹಾಸ್ಟೆಲಿನ ಮೆಟ್ಟಿಲ ಕೆಳಗಿನ ಫೋನು, ಆ ಕಡೆ ಚಿಕ್ಕಪ್ಪ ಮಧುಸೂದನ್: 'ಅಪ್ಪನಿಗೆ ಸ್ವಲ್ಪ ಸೀರಿಯಸ್ಸು ಕಣೋ, ಹೊರಟು ಬಾ.' ಅವನು ಏನೂ ಕೇಳಿರಲಿಲ್ಲ. ಏನು, ಎತ್ತ, ಯಾವ ಆಸ್ಪತ್ರೆ, ಒಂದನ್ನೂ. ಬಸ್ಸಿನಲ್ಲಿ ಕೂತು ಕಿಟಕಿಗೆ ತಲೆ ಆನಿಸಿ ಅತ್ತಿದ್ದ. ಈ ಸೀಮೆಯಲ್ಲಿ ಸತ್ತರು ಎಂದು ಯಾರೂ ಫೋನಿನಲ್ಲಿ ಹೇಳುವುದಿಲ್ಲ, ಸೀರಿಯಸ್ಸು ಹೊರಟು ಬಾ ಎನ್ನುತ್ತಾರೆ. ಕೇಳಿದವರು ಮರುಪ್ರಶ್ನೆ ಹಾಕದೆ ಸ್ನಾನ ಮುಗಿಸಿ ಹೊರಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋರ್ಸಿನ ಧ್ವನಿಯಲ್ಲಿ ಮಾತಾಡುವ ಸಂಭ್ರಮದಲ್ಲಿ ಊರಿನ ಕಿವಿ ಮರೆತುಹೋಗಿತ್ತು.

"ಆನೆ ಓದ್ವಾ ಸಾಮಿ?" ಎಂದ ಆಟೋದ ಮುದುಕ. ಫೋನಿನಲ್ಲಿ ಕೇಳಿದ ಅದೇ ಉಸಿರು, ಅದೇ ಸಾಮಿ. ಈಗಲೇ ಹೇಳಬೇಕು: ಬದುಕಿದ್ದಾಳೆ, ತಿರುಗಿ ಹೋಗು, ತಪ್ಪು ನನ್ನದು. ನಾಲಿಗೆಯ ತುದಿಗೆ ಬಂತು. ಕಾರಿನ ಬಾಗಿಲು ತೆಗೆದುಕೊಂಡು ಲಕ್ಷ್ಮೀಪ್ರಿಯಾ ಇಳಿಯುತ್ತಿರುವುದು ಕಂಡಿತು. "ಇನ್ನೂ ಇಲ್ಲ," ಎಂದು ಹೇಳಿ ವಿಷ್ಣು ತಿರುಗಿ ನಡೆದ. ಹೇಡಿ ಎಂದು ತನ್ನನ್ನೇ ಬೈದುಕೊಂಡ, ಕನ್ನಡದಲ್ಲೂ, ತಮಿಳಿನಲ್ಲೂ.

ಆನೆಗಳು ದಾಟಿದವು. ಕಾರು ಆಟೋಗಿಂತ ಮುಂದೆ ಹೋಯಿತು, ಅಷ್ಟೇ ಅನುಕೂಲ. ಮುನಿರತ್ನಮ್ಮ ಜಗುಲಿಯ ಮೇಲೆ ದಿಂಬಿಗೊರಗಿ ಕೂತು, ತಟ್ಟೆಯಲ್ಲಿ ಆರಿಸಿದ ಕಾಫಿಯನ್ನು ಸೊರ್ರೆಂದು ಹೀರುತ್ತಿದ್ದಳು. ಮುನಿಲಕ್ಷ್ಮಿ ಎರಡನೇ ಶಿಫ್ಟಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಪರೀಕ್ಷಕಿಯನ್ನು ಕಂಡು ಚಾಪೆ ಹಾಸಿದಳು. ಪಕ್ಕದ ಮನೆಯ ಅಜ್ಜಿ ಡಾಕ್ಟರು ಬಂದರೆಂದು ಎದ್ದು ಬಂದು ಗೋಡೆಗೊರಗಿ ನಿಂತಳು. "ನೋವು ಹ್ಯಾಗಿದೆ ಅಮ್ಮ?" ಎಂದ ವಿಷ್ಣು. "ಮಾತ್ರೆ ನುಂಗಿದ್ರೆ ಮಲಗ್ತೈತೆ, ನುಂಗ್ದಿದ್ರೆ ಕುಣೀತೈತೆ," ಎಂದಳು ಅವಳು. "ಇವತ್ತು ನಿಮ್ ಮಕ ಯಾಕೆ ಸಾಮಿ ಇಂಗೈತೆ? ಕಾಯ್ಲೆ ನಂಗಾ ನಿಮ್ಗಾ?" ಅಜ್ಜಿ ನಕ್ಕಳು. ಅವನು ಅವಳ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, "ಅಮ್ಮ, ನಿಮಗೆ ಒಂದು ವಿಷಯ ಹೇಳಬೇಕು. ಅದರಿಂದ ನಿಮಗೆ ಬೇಸರ ಆಗಬಹುದು..." ಎಂದು ಶುರುಮಾಡಿದ. ಅದೂ ಕಲಿತದ್ದೇ, ಕೆಟ್ಟ ಸುದ್ದಿಗೆ ಮುಂಚೆ ಹೇಳುವ ಮಾತು. ಅವಳು ತಟ್ಟೆ ಕೆಳಗಿಟ್ಟಳು. "ಸಾಯ್ತೀನಿ ಅಂತ ತಾನೆ? ಓದ್ಸಲ ಬಂದಾಗ್ಲೇ ಯೋಳಿದ್ರಲ್ಲ." "ಅದಲ್ಲ," ಎಂದ. ಅದಲ್ಲ ಎಂದವನು ಮುಂದೆ ಏನು ಹೇಳಬೇಕೆಂದು ಹುಡುಕುವಾಗ ಆಟೋದ ಸದ್ದು ಬೇಲಿಯ ತಿರುವಿನಲ್ಲಿ ಕೇಳಿಸಿತು.

ಮುತ್ತರಾಯಪ್ಪ ಇಳಿಯುವಾಗಲೇ ಅಳುತ್ತಿದ್ದ. "ಅಯ್ಯೋ ನನ್ ತಂಗೀ, ರತ್ನೀ..." ಎಂದು ಎದೆಗೆ ಹಾರವನ್ನು ಒತ್ತಿಕೊಂಡು ಅಂಗಳಕ್ಕೆ ಬಂದವನು ಜಗುಲಿಯ ಮೇಲೆ ದಿಂಬಿಗೊರಗಿ ಕೂತವಳನ್ನು ಕಂಡು ಅಲ್ಲೇ ನಿಂತ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಅಳು ಮಾತ್ರ ನಿಂತಿತ್ತು. ಮುನಿರತ್ನಮ್ಮನ ಹಳದಿ ಕಣ್ಣು ಅವನ ಮುಖದಿಂದ ಹಾರಕ್ಕೆ, ಹಾರದಿಂದ ಕವರಿಗೆ, ಕವರಿನೊಳಗಿನ ಸೀರೆಯ ಅಂಚಿಗೆ ಇಳಿಯಿತು. ನಿಧಾನವಾಗಿ, ಅಂಗಡಿಯಲ್ಲಿ ಕೂತು ನೋಡುವ ಹಾಗೆ, ನೋಡಿದಳು.

"ನಿನ್ನೆ ಊವು," ಎಂದಳು ಕೊನೆಗೆ. "ಎಸಳು ಬಾಡೈತೆ. ಸತ್ತೋಳ್ಗೆ ಯಾವುದಾದ್ರೇನು ಅಂತ ತಂದಾ?"

"ಸೀರಿಯಸ್ಸು ಅಂತ ಪೋನ್ ಬಂತು ಕಣಮ್ಮಿ..." ಮುತ್ತರಾಯಪ್ಪ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಡಾಕ್ಟ್ರು ಪೋನ್ ಮಾಡಿದ್ರು."

ಅವಳು ವಿಷ್ಣುವಿನ ಕಡೆ ತಿರುಗಿದಳು. ಇಷ್ಟು ದಿನ ನೀವು ಎನ್ನುತ್ತಿದ್ದವಳು, "ನೀನಾ ಸಾಮಿ ಕರ್ಸಿದ್ದು?" ಎಂದಳು.

"ನಾನೇ," ಎಂದ ವಿಷ್ಣು. ಆ ನೀನು ಅವನ ಎದೆಗೆ ನಾಟಿತು. ಕೂಗಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಲಕ್ಷ್ಮೀಪ್ರಿಯಾ ಅವನತ್ತ ನೋಡಿದ್ದು ಕೆನ್ನೆಗೆ ತಾಗಿತು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಒಪ್ಪಿದ ಹೆಂಗಸು ಎದುರಿಗೆ ಬಂದಾಗ ಮುನಿಸಿಕೊಂಡಿದ್ದಾಳೆ, ಸಹಜ, ಎಂದು ಅವಳು ತಿಳಿದಿರಬೇಕು. ಮೆಲ್ಲಗೆ, "ಸಾರ್, ಅವರಿಬ್ಬರನ್ನೂ ಹತ್ತಿರ ಕೂರಿಸಿ," ಎಂದಳು. ಅವಳ ಕಣ್ಣಂಚು ಆಗಲೇ ಒದ್ದೆಯಾಗಿತ್ತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬೇಲಿಯಾಚೆಯಿಂದ ಇನ್ನಷ್ಟು ಹೆಂಗಸರು ಬಂದರು. ಬಂದ ಸೀರೆ ವಾಪಸ್ ಹೋಗಬಾರದು ಎಂದರು. ಅಣ್ಣ ಹೊಸಲಿಗೆ ಬಂದಿದ್ದಾನೆ, ಹಳೇದು ಹಿಡಕೊಂಡು ಏನು ಮಾಡ್ತೀಯ ಎಂದರು. ಮುತ್ತರಾಯಪ್ಪ ಹಾರವನ್ನೂ ಕವರನ್ನೂ ನೆಲಕ್ಕಿಟ್ಟು ಜಗುಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಅವನ ಅಳು ಸುಳ್ಳಿರಲಿಲ್ಲ, ಅದೂ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಬೇಕಾಗಿತ್ತು. ಊರಿಗೂ, ಕೋರ್ಸಿಗೂ, ಮಗಳಿಗೂ, ಅಳುವ ಅಣ್ಣನಿಗೂ. ಸಾಯುವವಳು ಒಳ್ಳೆಯವಳಾಗಿ ಸಾಯಬೇಕು, ಉಳಿದವರ ಕೈ ತೊಳೆದುಕೊಟ್ಟು ಹೋಗಬೇಕು. ಯಾಕೆ, ಎಂದು ವಿಷ್ಣುವಿನೊಳಗೆ ಏನೋ ಸೆಟೆದು ನಿಂತಿತು. ಬದುಕಿನುದ್ದ ಯಾರೂ ಅವಳಿಗೆ ಒಂದು ಬಾಗಿಲು ತೆಗೆಯಲಿಲ್ಲ, ಈಗ ಎಲ್ಲರೂ ಸೇರಿ ಅವಳ ಎದೆಯ ಬಾಗಿಲು ತಟ್ಟುತ್ತಿದ್ದಾರೆ. ಸಾಯುವವರಿಗೆ ಸಿಟ್ಟು ಇರಬಾರದೆಂದು ಯಾವ ಶಾಸ್ತ್ರ?

"ಮನ್ಸಾಗೆ ಅಗೆ ಇಟ್ಕೊಂಡ್ರೆ ಜೀವ ಓಗಾಕಿಲ್ಲ ಕಣವ್ವ," ಎಂದಳು ಪಕ್ಕದ ಮನೆಯ ಅಜ್ಜಿ. "ಬಿಡಿಸ್ಕೊಳಾಕಾಗ್ದೆ ತೊಳಲಾಡ್ತೀಯ."

"ಅಂಗಾದ್ರೆ ಇನ್ನೂ ವಸಿ ದಿನ ಇರ್ತೀನಿ ಬುಡು," ಎಂದಳು ಮುನಿರತ್ನಮ್ಮ.

ಯಾರೋ ನಕ್ಕರು. ಆದರೆ ಮಾತಿನ ಕೊನೆ ಅವಳ ಗಂಟಲಲ್ಲೇ ಮುರಿಯಿತು. ನೋವು ಬಂದಿತ್ತು. ಸೊಟ್ಟ ಕೈಯಿಂದ ಹೊಟ್ಟೆ ಅವುಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ದಿಂಬಿನ ಮೇಲೆ ಪಕ್ಕಕ್ಕೆ ಜಾರಿದಳು. ತುಟಿ ಒಳಕ್ಕೆ ಕಚ್ಚಿಕೊಂಡಿದ್ದಳು. ಹೆಂಗಸರು ಅಯ್ಯಯ್ಯೋ ಎಂದು ಕೂಗಿದರು. ಅಜ್ಜಿ ಅಡುಗೆಮನೆಗೆ ನುಗ್ಗಿ ಲೋಟದಲ್ಲಿ ಹಾಲು ತಂದು ಮುತ್ತರಾಯಪ್ಪನ ಕೈಗೆ ತುರುಕಿದಳು. "ಬಿಡ್ಲಾ ಮುತ್ರಾಯ, ಬಿಡ್ಲಾ, ಒಂದ್ ತೊಟ್ಟು ಬಾಯಿಗೆ. ಇದೇ ಗಳಿಗೆ ಕಣ್ಲಾ." ಅವನು ಲೋಟ ಹಿಡಿದು ಜಗುಲಿ ಹತ್ತಿದ. ಹಾಲು ಅವಳ ಸೀರೆಯ ಮೇಲೆ ತುಳುಕಿತು. ಬಾಯಿ ತೆರೆಯಲಿಲ್ಲ. "ಹಲ್ಲು ಕಚ್ಕೊಂಡವ್ಳೆ. ಡಾಕ್ಟ್ರೇ, ನೀವೇ ವಸಿ ಬಾಯಿ ಬಿಡಿಸಿ," ಎಂದರು ಯಾರೋ.

ವಿಷ್ಣುವಿನ ಕೈ ತಾನಾಗಿ ಹೋಯಿತು. ಇಷ್ಟು ವರ್ಷ ಮಾಡಿದ ಕೆಲಸ, ತಲೆಯನ್ನು ಕೇಳಿ ಮಾಡುವಂಥದ್ದಲ್ಲ. ಕಿವಿಯ ಕೆಳಗೆ ದವಡೆಯ ಮೂಲೆ ಬೆರಳಿಗೆ ಸಿಕ್ಕಿತು. ಅಲ್ಲಿಂದ ಚೂರು ಮುಂದಕ್ಕೆ ಒತ್ತಿದರೆ ಸಾಕು, ಎಂಥ ಹಟದ ಬಾಯಿಯೂ ತೆರೆಯುತ್ತದೆ. ಸಾವಿರಾರು ಬಾಯಿಗಳು ಹಾಗೆ ತೆರೆದಿವೆ, ಒಂದೂ ಬೇಡ ಅಂದಿಲ್ಲ. ಆಗ ಅವಳು ಕಣ್ಣು ತೆರೆದಳು. ಅವನ ಬೆರಳು ಎಲ್ಲಿದೆ, ಏನು ಮಾಡಲಿದೆ ಎಂಬುದು ಅವಳಿಗೆ ಗೊತ್ತಾಗಿತ್ತು. ಬೇಡುವ ಕಣ್ಣಲ್ಲ ಅದು. ಮಾಡು, ನೋಡ್ತೀನಿ, ಎನ್ನುವ ಕಣ್ಣು. ಕೈ ಅಲ್ಲೇ ನಿಂತಿತು. ಅವನು ಅದನ್ನು ದವಡೆಯಿಂದ ತೆಗೆದು, ತಿರುಗಿಸಿ, ಅವಳ ತುಟಿಗಳಿಗೂ ಲೋಟಕ್ಕೂ ನಡುವೆ ಅಂಗೈಯನ್ನು ಅಡ್ಡ ಹಿಡಿದ. ಹಾಲು ಅವನ ಬೆರಳ ಸಂದಿಯಲ್ಲಿ ಇಳಿದು ಮುಂಗೈ ಒದ್ದೆಯಾಯಿತು.

"ಬಾಯಿ ಅವರದು," ಎಂದ.

ಯಾರಿಗೂ ಕೇಳಿಸಲಿಲ್ಲವೇನೋ. ಇನ್ನೊಮ್ಮೆ ಹೇಳಿದ. ಈ ಸಲ ಕೋರ್ಸಿನ ಇಳಿದ ಧ್ವನಿ ಇರಲಿಲ್ಲ. "ಬಾಯಿ ಅವರದು. ಯಾರೂ ಮುಟ್ಟಬೇಡಿ. ಇಳೀರಿ ಕೆಳಗೆ, ಎಲ್ಲಾ ಇಳೀರಿ." ಮುತ್ತರಾಯಪ್ಪ ಲೋಟ ಹಿಡಿದುಕೊಂಡೇ ಒಂದು ಮೆಟ್ಟಿಲು ಹಿಂದೆ ಸರಿದ. ವಿಷ್ಣು ಚೀಲದಿಂದ ಮಾರ್ಫಿನ್ ಮಾತ್ರೆ ತೆಗೆದು ಅವಳ ಅಂಗೈಯಲ್ಲಿಟ್ಟ, ಬಾಯಲ್ಲಲ್ಲ. ಅವಳೇ ಅದನ್ನು ಎತ್ತಿ ತುಟಿ ಬಿಡಿಸಿ ಒಳಗಿಟ್ಟುಕೊಂಡಳು, ಮಗಳು ಕೊಟ್ಟ ನೀರು ಕುಡಿದಳು. ಆಮೇಲೆ ಅವನು ಅವಳಿಗೆ ಬೆನ್ನು ಕೊಟ್ಟು, ಅಂಗಳದ ಜನಕ್ಕೆ ಮುಖ ಮಾಡಿ, ಜಗುಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.

"ಸಾರ್," ಎಂದಳು ಲಕ್ಷ್ಮೀಪ್ರಿಯಾ, ಎದ್ದು ನಿಂತು, "ಇವರು ಒಪ್ಪಿದ್ದಾರೆ ಅಂದ್ರಿ."

"ನಾನು ಕೇಳಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ. ಬರಬಾರದು ಅಂತ ಇವರು ಬಾಯಿ ಬಿಟ್ಟು ಹೇಳಿದ್ದರು, ಅದನ್ನ ತಗೊಂಡು ಹೋಗಿ ನಾನು ಪಾಠ ಮಾಡಿಕೊಂಡೆ." ಎಲ್ಲರ ಮುಂದೆ ಹೇಳಿದ.

ಲಕ್ಷ್ಮೀಪ್ರಿಯಾ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು. "ಇವತ್ತಿನದಕ್ಕೆ ನಾನು ಮಾರ್ಕ್ಸ್ ಕೊಡಕ್ಕಾಗಲ್ಲ ಸಾರ್."

"ಕೊಡಬೇಡಿ. ಮುಂದಿನ ವರ್ಷ ಮತ್ತೆ ಕೂರ್ತೀನಿ. ಅದರ ಮುಂದಿನ ವರ್ಷವೂ ಕೂರ್ತೀನಿ. ಈ ಕೆಲಸ ಬಿಡಲ್ಲ." ಮೂಲೆಯ ಚಾಪೆಗೆ ಹಿಂತಿರುಗುವ ಬದಲು ಲಕ್ಷ್ಮೀಪ್ರಿಯಾ ಮುಂದೆ ಬಂದು, ಜಗುಲಿಯ ಮೆಟ್ಟಿಲ ಮೇಲೆ, ಅವನಿಗೆ ಸ್ವಲ್ಪ ದೂರದಲ್ಲಿ, ಅವನ ಹಾಗೆಯೇ ಅಂಗಳಕ್ಕೆ ಮುಖ ಮಾಡಿ ಕೂತಳು. ಅದಕ್ಕೆ ಏನು ಅರ್ಥವೋ ಅವನಿಗೆ ತಿಳಿಯಲಿಲ್ಲ.

ಮುನಿಲಕ್ಷ್ಮಿ ಅಂಗಳದಲ್ಲಿ ನಿಂತೇ ಇದ್ದಳು. ಊರವರ ಕಡೆ ನೋಡಿದಳು, ಮಾವನ ಕಡೆ ನೋಡಿದಳು, ಅವ್ವನ ಸೊಟ್ಟ ಮಣಿಕಟ್ಟನ್ನು ನೋಡಿದಳು. ಆ ಕೈ ಮುರಿದ ದಿನ ಆ ಸೈಕಲ್ಲಿನ ಮೇಲೆ ಮಡಿಲಲ್ಲಿದ್ದ ಕೂಸು ಅವಳೇ. ಒಳಗೆ ಹೋಗಿ ತಗಡಿನ ಪೆಟ್ಟಿಗೆ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಮಡಿಕೆ ಬಿಚ್ಚದ ಕಡುಕೆಂಪು ಸೀರೆಯಿತ್ತು, ಅಂಗಡಿಯ ಕಾಗದ ಇನ್ನೂ ಸುತ್ತಿಕೊಂಡಿತ್ತು. "ಅವ್ವ ಹೋದ ಸಲದ ದೀಪಾವಳೀಲಿ ಹೊಸೂರಿನಾಗೆ ತಾನೇ ಆರಿಸಿ ತಗೊಂಡಿದ್ದು," ಎಂದಳು, ಯಾರಿಗೂ ಎಂದಲ್ಲ. "ಯಾಕವ್ವಾ ಇಷ್ಟು ಕೆಂಪು, ಈ ವಯಸ್ಸಲ್ಲಿ ಅಂದಿದ್ದೆ. ನಂಗೆ ಬೇಕು ಅಂದ್ಲು." ಅದನ್ನು ತಾಯಿಯ ಕಾಲ ಮೇಲೆ ಹೊದಿಸಿದಳು. ಆಮೇಲೆ ನೆಲದಲ್ಲಿ ಬಿದ್ದಿದ್ದ ಜವಳಿ ಕವರನ್ನು ಎತ್ತಿ, ಅದರ ಮೇಲಿನ ಧೂಳು ಒರೆಸಿ, ಎರಡೂ ಕೈಯಲ್ಲಿ ಮುತ್ತರಾಯಪ್ಪನಿಗೆ ಚಾಚಿದಳು. "ತಗೊಂಡೋಗಿ ಮಾಮ. ಅವ್ವನ್ನ ಈ ಸೀರೇಲೇ ನಾನು ಎತ್ತುಸ್ತೀನಿ. ಯಾರ್ ಬರ್ದಿದ್ರೂ ನಾನೊಬ್ಳೇ ಎತ್ತುಸ್ತೀನಿ."

ಮುತ್ತರಾಯಪ್ಪ ಲೋಟ ಕೆಳಗಿಟ್ಟು ಕವರು ತೆಗೆದುಕೊಂಡ. ಅವನ ಮುಖ ನೋಡಿ ವಿಷ್ಣುವಿಗೂ ಸಂಕಟವಾಯಿತು, ಅವನನ್ನು ಹೀಗೆ ಎಳೆತಂದದ್ದೂ ತಾನೇ. ಆದರೆ ಆ ಸಂಕಟವನ್ನು ತೀರಿಸಲು ಅವಳ ಬಾಯಿ ತೆರೆಸಲಾರೆ ಎಂದು ಗಟ್ಟಿಯಾಗಿ ಕೂತ. ಹೆಂಗಸರು ಗೊಣಗುತ್ತಾ ಚದುರಿದರು. ಮುದುಕ ಹಾರವನ್ನು ಎತ್ತಿ ಬೇಲಿಯ ಮೇಲೆ ಹಾಕಿ, ಒಮ್ಮೆ ತಿರುಗಿ ನೋಡಿ, ಆಟೋದ ಕಡೆ ಹೊರಟ.

ಬೆನ್ನ ಹಿಂದೆ ಮುನಿರತ್ನಮ್ಮನ ಉಸಿರು ನಿಧಾನವಾಗಿ ಹದಕ್ಕೆ ಬರುತ್ತಿತ್ತು. ಮಾತ್ರೆ ಕೆಲಸ ಶುರುಮಾಡಿತ್ತು. ಅವಳು ಏನಾದರೂ ಹೇಳುತ್ತಾಳೆಂದು, ಕ್ಷಮಿಸುತ್ತಾಳೆಂದು, ಕಾಯದಿರಲು ಅವನು ಪ್ರಯತ್ನಪಟ್ಟ. ಆಗ ಸೊಟ್ಟ ಕೈಯೊಂದು ಅವನ ಭುಜವನ್ನು ಪಕ್ಕಕ್ಕೆ ನೂಕಿತು.

"ವಸಿ ಸರ್ಕೊ ಸಾಮಿ," ಎಂದಳು ಅವಳು. "ಅವ್ನು ಓಗೋದು ನಂಗೆ ಕಾಣ್ಬೇಕು."